ಹತ್ತಿರದ ಕಡಲು ಬಿಟ್ಟು ದೂರದ ಕೊಲ್ಲಿಗೆ

ತ್ರ್ಯಂಬಕೇಶ್ವರದ ನೆತ್ತಿಯ ಮೇಲೆ ನಿಂತಿರುವ ಬ್ರಹ್ಮಗಿರಿಯಿಂದ ಅರಬ್ಬೀ ಸಮುದ್ರಕ್ಕೆ ಸುಮಾರು 80 ಕಿಲೋಮೀಟರ್. ಅಲ್ಲೇ ಹುಟ್ಟುವ ಗೋದಾವರಿ ಆ ಕಡೆ ತಿರುಗಿಯೂ ನೋಡುವುದಿಲ್ಲ. ನಾಸಿಕ, ಪೈಠಣ, ನಾಂದೇಡ, ರಾಜಮಂಡ್ರಿ ಹಾದು 1465 ಕಿ.ಮೀ. ಹರಿದು ಬಂಗಾಳ ಕೊಲ್ಲಿ ಸೇರುತ್ತದೆ. ಮಹಾಬಳೇಶ್ವರದ ಕೃಷ್ಣೆಗೂ ನಮ್ಮ ಕೊಡಗಿನ ಕಾವೇರಿಗೂ ಇದೇ ಹಟ.

ಕಾರಣ ಹುಡುಕಲು 6.6 ಕೋಟಿ ವರ್ಷ ಹಿಂದಕ್ಕೆ ಹೋಗಬೇಕು. ಹಿಮಾಲಯ ಇನ್ನೂ ಹುಟ್ಟಿರಲಿಲ್ಲ. ಭಾರತವೆಂಬ ಭೂಖಂಡ ಒಂಟಿಯಾಗಿ ಉತ್ತರಕ್ಕೆ ಸರಿಯುತ್ತಿತ್ತು. ಈಗ ರಿಯೂನಿಯನ್ ದ್ವೀಪದ ಅಡಿಯಲ್ಲಿರುವ ಕಾವಿನ ತಾಣದ ಮೇಲೆ ಅದು ಹಾಯುವಾಗ ನೆಲ ಸೀಳಿ ಲಾವಾ ಉಕ್ಕಿತು. ಉದ್ದುದ್ದ ಬಿರುಕುಗಳಿಂದ ಹೊರಬಂದ ಲಾವಾ ಮೈಲುಗಟ್ಟಲೆ ಹರಡಿ, ಆರಿ, ಅದರ ಮೇಲೆ ಮತ್ತೆ ಹರಡಿತು. ಸವೆದು ಉಳಿದಿರುವುದೇ ಇಂದು ಸುಮಾರು 5 ಲಕ್ಷ ಚದರ ಕಿ.ಮೀ. ಇದೆ. ಸಹ್ಯಾದ್ರಿಯ ಕೆಲವೆಡೆ ದಪ್ಪ ಎರಡು ಕಿ.ಮೀ. ಮೀರುತ್ತದೆ. ಬೆಳಗಾವಿ, ವಿಜಯಪುರ, ಕಲಬುರಗಿ, ಬೀದರದ ಎರೆಭೂಮಿ ಈ ಲಾವಾ ಹಾಸಿನ ದಕ್ಷಿಣದ ಅಂಚು. ಗೋಳಗುಮ್ಮಟದ ಕಪ್ಪು ಕಲ್ಲೂ ಅದರದೇ.

ಅದೇ ಕಾಲದ ಆಸುಪಾಸಿನಲ್ಲಿ ಸೀಶೆಲ್ಸ್ ನಮ್ಮ ಪಶ್ಚಿಮ ದಡದಿಂದ ಕಳಚಿಕೊಂಡಿತು. ಒಡೆದ ಅಂಚು ಘಟ್ಟವಾಗಿ ನಿಂತಿತು, ಒಳನಾಡು ಪೂರ್ವಕ್ಕೆ ವಾಲಿತು. ಆ ಅಂಚು ಅಷ್ಟು ಎತ್ತರವಾದದ್ದು ಹೇಗೆಂದು ಭೂವಿಜ್ಞಾನಿಗಳ ವಾದ ಇನ್ನೂ ಮುಗಿದಿಲ್ಲ. ನದಿಗೆ ಆ ವಾದ ಬೇಕಿಲ್ಲ, ಇಳಿಜಾರು ಸಾಕು.

ನಾಸಿಕದ ಪಾಂಡವಲೇಣಿ ಗುಡ್ಡ ಹತ್ತುವವರು ಸಾಮಾನ್ಯವಾಗಿ ಶಾತವಾಹನರ ಶಾಸನ ಹುಡುಕುತ್ತಾರೆ. ಕಲ್ಲನ್ನೂ ನೋಡಬೇಕು. ಲಾವಾದ ಒಂದೊಂದು ಪದರವೂ ಸೆಟ್ ದೋಸೆಯಂತೆ: ತಳ ಗಟ್ಟಿ, ಮೇಲ್ಮೈಯೆಲ್ಲ ತೂತು. ಕುದಿಯುವ ಲಾವಾದಿಂದ ಅನಿಲ ಮೇಲೇರಿ ಗುಳ್ಳೆಯಾಗಿ ಸಿಕ್ಕಿಕೊಂಡ ಜಾಗಗಳವು. ಮುಂದೆ ಅದರೊಳಗೆ ಇಂಗಿದ ನೀರು ಬಿಳಿ, ನಸುಗೆಂಪು ಜಿಯೋಲೈಟ್ ಹರಳುಗಳನ್ನು ಬೆಳೆಸಿತು. ನಾಸಿಕ ಜಿಲ್ಲೆಯ ಸಿನ್ನರಿನಲ್ಲಿ ಇಂಥ ಹರಳುಗಳಿಗೆಂದೇ ಗಾರಗೋಟಿ ಎಂಬ ಮ್ಯೂಸಿಯಂ ಇದೆ. ಎರಡು ಪದರಗಳ ನಡುವೆ ಅಲ್ಲಲ್ಲಿ ಇಟ್ಟಿಗೆಗೆಂಪಿನ ಪಟ್ಟಿ ಕಂಡರೆ, ಒಂದು ಉಕ್ಕಿಗೂ ಮುಂದಿನದಕ್ಕೂ ನಡುವೆ ಮಣ್ಣಾಗುವಷ್ಟು ಕಾಲ ಬಿಡುವಿತ್ತೆಂದು ಲೆಕ್ಕ.

ಗಟ್ಟಿ ಪದರ ನಿಧಾನವಾಗಿ ಸವೆಯುತ್ತದೆ, ತೂತಿನ ಪದರ ಬೇಗ. ಗುಡ್ಡಗಳು ಮೆಟ್ಟಿಲು ಮೆಟ್ಟಿಲಾಗಿ, ಚಪ್ಪಟೆ ತಲೆಯಾಗಿ ಕಾಣುವುದು ಇದಕ್ಕೇ. ಅಜಂತಾದಲ್ಲಿ ವಾಘೋರಾ ಹೊಳೆ ಇಂಥದೇ ಮೆಟ್ಟಿಲಿಳಿಯುತ್ತಾ ಕುದುರೆ ಲಾಳದಾಕಾರದ ಕಣಿವೆ ಕೊರೆಯಿತು. ಆ ಗೋಡೆಯಲ್ಲೇ ಗುಹೆಗಳಿವೆ. ಎಲ್ಲೋರಾದಲ್ಲಿ ರಾಷ್ಟ್ರಕೂಟ ಒಂದನೇ ಕೃಷ್ಣನ ಕಾಲದ ಶಿಲ್ಪಿಗಳು ಕೈಲಾಸವನ್ನು ಮೇಲಿನಿಂದ ಕೆಳಕ್ಕೆ ಕಡಿದರು. ಬಿರುಕು ಬಿದ್ದ ಬಂಡೆಯಲ್ಲಿ ಆ ಸಾಹಸ ಆಗುತ್ತಿರಲಿಲ್ಲ. ಅದೇ ರಾಷ್ಟ್ರಕೂಟರ ಆಸ್ಥಾನದಲ್ಲಿ ಮೂಡಿದ ಕವಿರಾಜಮಾರ್ಗ ಕನ್ನಡನಾಡಿನ ಉತ್ತರದ ಎಲ್ಲೆ ಗೋದಾವರಿ ಎಂದದ್ದನ್ನು ನಾವು ವೇದಿಕೆಗಳಲ್ಲಿ ನೆನೆಯುತ್ತೇವೆ, ನದಿ ನೋಡಲು ಹೋಗುವವರು ಕಡಿಮೆ.

ನಾಸಿಕ ದಾಟಿದ ಮೇಲೆ ಮೆಟ್ಟಿಲುಗಳು ಮುಗಿದು ಕಣಿವೆ ಬಟ್ಟಲಿನ ಬದಲು ಬಯಲಾಗುತ್ತದೆ. ಛತ್ರಪತಿ ಸಂಭಾಜಿನಗರ ಜಿಲ್ಲೆಯ ಪೈಠಣದಲ್ಲಿ 1976ರಲ್ಲಿ ಮುಗಿದ ಜಾಯಕವಾಡಿ ಅಣೆಕಟ್ಟು ಸುಮಾರು 10 ಕಿ.ಮೀ. ಉದ್ದವಿರಬೇಕಾದದ್ದು ಅದಕ್ಕೇ. 102 ಟಿಎಂಸಿ ನೀರು ಸುಮಾರು 350 ಚದರ ಕಿ.ಮೀ. ಮೇಲೆ ಹರಡಿದರೆ ಸರಾಸರಿ ಆಳ ಎಂಟು ಮೀಟರ್ ಆಸುಪಾಸು. ಮರಾಠವಾಡದ ಬಿಸಿಲಿಗೆ ಇಷ್ಟು ತೆಳು ನೀರು ಆವಿಯಾಗುವುದು ಸುಲಭ. ಮೇಲಿನ ನಾಸಿಕದ ಅಣೆಕಟ್ಟುಗಳಿಂದ ನೀರು ಬಿಡಿ, ಬಿಡೆವು ಎಂಬ ತಗಾದೆ ಮಳೆ ಕೈಕೊಟ್ಟ ವರ್ಷಗಳಲ್ಲಿ ಮರುಕಳಿಸುತ್ತದೆ. ಇದನ್ನು ಬರೀ ರಾಜಕೀಯ ಎನ್ನುವವರು ಭೂಪಟ ನೋಡಿಲ್ಲ.

ಈ ನದಿಯಲ್ಲಿ ನಮಗೂ ಪಾಲಿದೆ. ಬೀಡ್ ಜಿಲ್ಲೆಯ ಬಾಲಾಘಾಟ ಬೆಟ್ಟಗಳಲ್ಲಿ ಹುಟ್ಟುವ ಮಾಂಜ್ರಾ, ಬೀದರ ಜಿಲ್ಲೆಯಲ್ಲಿ ಹಾದು ಕಾರಂಜಾ ಹೊಳೆಯನ್ನು ಕೂಡಿಸಿಕೊಂಡು ತೆಲಂಗಾಣದ ಕಂದಕುರ್ತಿಯಲ್ಲಿ ಗೋದಾವರಿ ಸೇರುತ್ತದೆ. ಬೀದರದಲ್ಲಿ ಲಾವಾದ ಮೇಲೆ ಜಂಬಿಟ್ಟಿಗೆಯ ಟೋಪಿಯಿದೆ. ಅದರಲ್ಲಿ ಇಂಗಿದ ಮಳೆನೀರು ಅಡಿಯ ಗಟ್ಟಿ ಬಂಡೆಯ ಮೇಲೆ ನಿಲ್ಲುತ್ತದೆ. ಬಹಮನಿ ಕಾಲದವರು ಆ ಗುಟ್ಟು ಅರಿತೇ ನೆಲದಡಿ ಕಾಲುವೆ ಕೊರೆದರು. ಬೀದರ ಕೋಟೆಗೆ ಹೋದವರು ನೌಬಾದದ ಸುರಂಗಬಾವಿಯನ್ನೂ ಬಿಡದೆ ನೋಡಿ ಬನ್ನಿ.