ಹಳೆಯ ಕಾರು, ಕಿರುತೆರೆ ಮತ್ತು ನಿಜವಾದ ಬೆಲೆ

ಹಳೆಯ ವಸ್ತುಗಳ ವಿಷಯದಲ್ಲಿ ಮನುಷ್ಯನ ಮನಸ್ಸು ವಿಚಿತ್ರವಾಗಿ ವರ್ತಿಸುತ್ತದೆ. ತನ್ನ ಮನೆಯ ಅಟ್ಟದ ಮೇಲಿದ್ದಾಗ ಧೂಳಿನ ರಾಶಿಯಾಗಿ ಕಂಡ ವಸ್ತುವೇ ಪರರು ಬೆಲೆ ಕಟ್ಟಿದ ಕ್ಷಣದಿಂದ ನಿಧಿಯಾಗಿ ತೋರತೊಡಗುತ್ತದೆ. ಹಿತ್ತಲ ಗಿಡ ಮದ್ದಲ್ಲವೆಂದು ನಮ್ಮ ಹಿರಿಯರು ಹೇಳಿದ್ದು ಈ ಸ್ವಭಾವವನ್ನು ಕಂಡೇ ಇರಬೇಕು. ಇದೇ ಸ್ವಭಾವವನ್ನು ಬಂಡವಾಳವಾಗಿಸಿಕೊಂಡು ಪಾಶ್ಚಾತ್ಯ ದೇಶಗಳಲ್ಲಿ ಕಿರುತೆರೆಯ ಒಂದು ಕಾರ್ಯಕ್ರಮ ಪ್ರಕಾರವೇ ಬೆಳೆದು ನಿಂತಿದೆ. ಹಳ್ಳಿಹಳ್ಳಿ ತಿರುಗಿ ಹಳೆಯ ವಸ್ತುಗಳನ್ನು ಹುಡುಕುವುದು, ಚೌಕಾಸಿ ಮಾಡಿ ಕೊಳ್ಳುವುದು, ಅದರ ಬೆಲೆಯನ್ನು ತೆರೆಯ ಮೇಲೆ ತೋರಿಸುವುದು ಇವುಗಳ ಸಾಮಾನ್ಯ ರೂಪ.

ಇಂತಹ ಕಾರ್ಯಕ್ರಮಗಳಿಂದ ಹಳೆಯ ವಸ್ತುಗಳಿಗೆ ಒಳಿತಾಗಿದೆಯೇ, ಕೆಡುಕಾಗಿದೆಯೇ? ಈ ಪ್ರಶ್ನೆಗೆ ಹಳೆಯ ಕಾರುಗಳ ಆಸಕ್ತರು ನೀಡುವ ಉತ್ತರ ವಿಚಾರಯೋಗ್ಯವಾಗಿದೆ. ಏಕೆಂದರೆ ಕಾರು ಗೋಡೆಗೆ ತೂಗುಹಾಕಿ ನೋಡುವ ವಸ್ತುವಲ್ಲ. ಅದನ್ನು ಕೊಂಡವನು ಮೈಮುರಿದು ದುಡಿಯಬೇಕು. ದುಡಿದರೆ ಮಾತ್ರ ಅದು ಮತ್ತೆ ಕಾರಾಗುತ್ತದೆ.

ಕಾರ್ಯಕ್ರಮಗಳು ನಡೆದು ಬಂದ ದಾರಿ

ಬ್ರಿಟನ್ನಿನ ಬಿಬಿಸಿ ಸಂಸ್ಥೆ 1979ರಲ್ಲಿ ‘ಆಂಟಿಕ್ಸ್ ರೋಡ್‌ಷೋ’ ಎಂಬ ಕಾರ್ಯಕ್ರಮವನ್ನು ಆರಂಭಿಸಿತು. ಅದರಲ್ಲಿ ಜನರು ತಮ್ಮ ಮನೆಯ ಹಳೆಯ ವಸ್ತುಗಳನ್ನು ತಾವೇ ತಂದು ತಜ್ಞರ ಮುಂದಿಡುತ್ತಾರೆ. ತಜ್ಞರು ವಸ್ತುವಿನ ಕಾಲ, ಅದನ್ನು ಮಾಡಿದವರು, ಅದರ ಬಳಕೆ ಇವುಗಳನ್ನು ವಿವರಿಸಿ ಕೊನೆಯಲ್ಲಿ ಅಂದಾಜು ಬೆಲೆಯನ್ನು ಹೇಳುತ್ತಾರೆ. ಅಲ್ಲಿ ಕೊಳ್ಳುವವನಿಲ್ಲ, ಮಾರುವವನೂ ಇಲ್ಲ. 1997ರಲ್ಲಿ ಅಮೆರಿಕದಲ್ಲಿಯೂ ಅದೇ ಹೆಸರಿನ ಕಾರ್ಯಕ್ರಮ ಪ್ರಸಾರವಾಗತೊಡಗಿತು.

ಮುಂದೆ ವ್ಯಾಪಾರವೇ ಕಥೆಯಾಯಿತು. 2009ರಲ್ಲಿ ಅಮೆರಿಕದ ಹಿಸ್ಟರಿ ವಾಹಿನಿ ಲಾಸ್ ವೇಗಾಸ್ ನಗರದ ಗಿರವಿ ಅಂಗಡಿಯೊಂದನ್ನು ಆಧರಿಸಿ ‘ಪಾನ್ ಸ್ಟಾರ್ಸ್’ ಕಾರ್ಯಕ್ರಮವನ್ನು ಆರಂಭಿಸಿತು. 2010ರ ಜನವರಿಯಲ್ಲಿ ಅದೇ ವಾಹಿನಿಯಲ್ಲಿ ‘ಅಮೆರಿಕನ್ ಪಿಕರ್ಸ್’ ಬಂದಿತು. ಅಯೋವಾ ರಾಜ್ಯದಲ್ಲಿ ಮಿಸಿಸಿಪ್ಪಿ ನದಿಯ ದಂಡೆಯ ಮೇಲಿರುವ ಲೆಕ್ಲೇರ್ ಎಂಬ ಸಣ್ಣ ಊರಿನ ಅಂಗಡಿ ಇದರ ನೆಲೆ. ಮೈಕ್ ವುಲ್ಫ್ ಮತ್ತು ಫ್ರಾಂಕ್ ಫ್ರಿಟ್ಜ್ ಎಂಬಿಬ್ಬರು ವ್ಯಾನಿನಲ್ಲಿ ಊರೂರು ಸುತ್ತಿ ರೈತರ ಕೊಟ್ಟಿಗೆ, ಮುಚ್ಚಿದ ಅಂಗಡಿ, ಹಾಳುಬಿದ್ದ ಉಗ್ರಾಣಗಳಲ್ಲಿ ಹುಡುಕಾಡಿ ಹಳೆಯ ಸೈಕಲ್ಲು, ಮೋಟಾರ್ ಸೈಕಲ್ಲು, ಪೆಟ್ರೋಲ್ ಬಂಕಿನ ಫಲಕ, ಎಣ್ಣೆಯ ಡಬ್ಬಿ, ಕಾರಿನ ಬಿಡಿಭಾಗ ಮೊದಲಾದವುಗಳನ್ನು ಕೊಳ್ಳುತ್ತಿದ್ದರು. ಫ್ರಿಟ್ಜ್ 2020ರವರೆಗೆ ಕಾರ್ಯಕ್ರಮದಲ್ಲಿದ್ದರು, 2024ರಲ್ಲಿ ನಿಧನರಾದರು.

ಮೆಚ್ಚುಗೆಯ ಮಾತು

ಹಳೆಯ ಕಾರುಗಳ ಆಸಕ್ತರೆಲ್ಲರೂ ಇಂತಹ ಕಾರ್ಯಕ್ರಮಗಳನ್ನು ದೂಷಿಸುವವರಲ್ಲ. ಗುಜರಿಯ ಪಾಲಾಗಬೇಕಾಗಿದ್ದ ಅನೇಕ ವಸ್ತುಗಳ ಕಡೆಗೆ ಜನರ ದೃಷ್ಟಿ ತಿರುಗಿತೆಂಬುದನ್ನು ಅವರು ಒಪ್ಪುತ್ತಾರೆ. ಎಷ್ಟೋ ಕಾರು ತಯಾರಕರ ಹೆಸರೇ ಇಂದಿನವರಿಗೆ ತಿಳಿಯದು. ವುಲ್ಫ್ ಅವರು 2011ರಿಂದ 2025ರವರೆಗೆ ನ್ಯಾಷ್‌ವಿಲ್ ನಗರದಲ್ಲಿ ನಡೆಸಿದ ಅಂಗಡಿಯಿದ್ದ ಕಟ್ಟಡವು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ‘ಮ್ಯಾರಥಾನ್’ ಎಂಬ ಕಾರುಗಳನ್ನು ತಯಾರಿಸಿದ ಕಾರ್ಖಾನೆಯಾಗಿತ್ತು. ಅಂಗಡಿ ನೋಡಲು ಹೋದವರಿಗೆ ಮರೆತುಹೋಗಿದ್ದ ಒಂದು ಕಾರಿನ ಚರಿತ್ರೆಯೂ ತಿಳಿಯಿತು.

ಇನ್ನೊಂದು ಲಾಭವನ್ನೂ ಅವರು ಎತ್ತಿ ಹೇಳುತ್ತಾರೆ. ಏಕಾಂಗಿಯಾಗಿ ಬದುಕುವ ವೃದ್ಧರ ಮಾತನ್ನು ಯಾರೋ ಕುಳಿತು ಕೇಳುತ್ತಾರೆ. ‘ಇದನ್ನು ನನ್ನ ತಂದೆ ಇಂತಹ ವರ್ಷ ಕೊಂಡರು, ಇದರಲ್ಲಿಯೇ ನಮ್ಮ ಮದುವೆಯ ದಿಬ್ಬಣ ಹೋಯಿತು’ ಎಂಬ ಬಗೆಯ ನೆನಪುಗಳು ಹೊರಬರುತ್ತವೆ. ಮನೆಯ ಮಕ್ಕಳೇ ಕೇಳದ ಕಥೆಯನ್ನು ಬಂದ ವ್ಯಾಪಾರಿ ಕೇಳುವಂತಾದುದು ಒಳ್ಳೆಯದೋ, ದುಃಖದ ಸಂಗತಿಯೋ ಎಂಬುದನ್ನು ವಾಚಕರೇ ಯೋಚಿಸಬೇಕು.

ಆಕ್ಷೇಪಣೆಯ ಮಾತು

ಆಸಕ್ತರ ಮೊದಲನೆಯ ಆಕ್ಷೇಪಣೆ ಬೆಲೆಗೆ ಸಂಬಂಧಿಸಿದ್ದು. ಕೊಂಡ ಬೆಲೆ ಇಷ್ಟು, ಮಾರಿದರೆ ಬರಬಹುದಾದುದು ಇಷ್ಟು ಎಂದು ತೆರೆಯ ಮೇಲೆ ಅಂಕಿಗಳು ಮೂಡುತ್ತವೆ. ಎರಡನೆಯ ಅಂಕಿ ಕೇವಲ ಅಂದಾಜು. ಆ ಬೆಲೆಗೆ ಕೊಳ್ಳುವವನು ಇನ್ನೂ ಬಂದಿರುವುದಿಲ್ಲ. ಆದರೆ ನೋಡುಗರ ಮನಸ್ಸಿನಲ್ಲಿ ಅದೇ ನಿಜವಾಗಿ ಉಳಿಯುತ್ತದೆ. ಪರಿಣಾಮವಾಗಿ, ತುಕ್ಕು ಹಿಡಿದ ಪ್ರತಿಯೊಂದು ಕಾರೂ ಚಿನ್ನವೆಂದು ಒಡೆಯನು ಭಾವಿಸುತ್ತಾನೆ. ದುಡಿಯಬಲ್ಲ ಸಾಮಾನ್ಯ ಆಸಕ್ತನಿಗೆ ಅದು ಎಟುಕದು. ಒಡೆಯನಂತೂ ಅದನ್ನು ದುರಸ್ತಿ ಮಾಡಲಾರ. ಇಬ್ಬರ ನಡುವೆ ಕಾರು ಮಳೆಯಲ್ಲಿ ಕರಗುತ್ತ ನಿಲ್ಲುತ್ತದೆ.

ಎರಡನೆಯ ಆಕ್ಷೇಪಣೆ ಇನ್ನೂ ಗಂಭೀರವಾದುದು. ಬಾನೆಟ್ಟಿನ ಮೇಲಿನ ಲಾಂಛನ, ದೀಪದ ಕಟ್ಟು, ಹಾರನ್ನು, ವೇಗಮಾಪಕ ಮುಂತಾದವು ಅಲಂಕಾರದ ವಸ್ತುಗಳಾಗಿ ಬಿಡಿಬಿಡಿಯಾಗಿ ಮಾರಾಟವಾಗುತ್ತವೆ. ಒಂದು ಕಾರಿನಿಂದ ಕಿತ್ತ ಭಾಗ ಯಾರದೋ ಹಜಾರದ ಗೋಡೆಯನ್ನು ಸೇರಿದರೆ, ಅದೇ ಭಾಗವನ್ನು ಹತ್ತು ವರ್ಷಗಳಿಂದ ಹುಡುಕುತ್ತಿರುವ ಮತ್ತೊಂದು ಕಾರು ಅಪೂರ್ಣವಾಗಿಯೇ ಉಳಿಯುತ್ತದೆ. 1935ರಲ್ಲಿ ಸ್ಥಾಪಿತವಾದ ಅಮೆರಿಕದ ಆಂಟಿಕ್ ಆಟೊಮೊಬೈಲ್ ಕ್ಲಬ್ ಪ್ರತಿ ಅಕ್ಟೋಬರಿನಲ್ಲಿ ಪೆನ್ಸಿಲ್ವೇನಿಯಾದ ಹರ್ಷಿಯಲ್ಲಿ ನಡೆಸುವ ಮೇಳದಲ್ಲಿ ಬಿಡಿಭಾಗಗಳ ಸಾವಿರಾರು ಮಳಿಗೆಗಳು ಸೇರುತ್ತವೆ. ಅಲ್ಲಿಯೂ ಚೌಕಾಸಿ ಉಂಟು. ಆದರೆ ಬಿಡಿಭಾಗವನ್ನು ಹುಡುಕಿ ಅಲ್ಲಿಗೆ ಬರುವವರಿಗೆ ಅದು ಯಾವ ವರ್ಷದ ಯಾವ ಕಾರಿಗೆ ಸಲ್ಲುತ್ತದೆಂಬ ಅರಿವೂ ಉಂಟು.

ಮೂರನೆಯದಾಗಿ, ಕೊಂಡ ಕ್ಷಣವೇ ಕಥೆಯ ಕೊನೆಯೆಂಬಂತೆ ಈ ಕಾರ್ಯಕ್ರಮಗಳು ತೋರಿಸುತ್ತವೆ. ನಿಜವಾಗಿ ಕಥೆ ಆರಂಭವಾಗುವುದೇ ಅಲ್ಲಿಂದ. ಬಹುಕಾಲ ನಿಂತ ಕಾರಿನ ಟ್ಯಾಂಕಿನಲ್ಲಿ ಪೆಟ್ರೋಲು ಅಂಟಾಗಿ ಕಾರ್ಬುರೇಟರಿನ ಸಣ್ಣ ರಂಧ್ರಗಳನ್ನು ಮುಚ್ಚಿರುತ್ತದೆ. ಸಿಲಿಂಡರಿನೊಳಗೆ ತೇವ ಸೇರಿ ಪಿಸ್ಟನ್ನು ಕಚ್ಚಿಕೊಂಡಿರುತ್ತದೆ. ಬ್ರೇಕಿನ ರಬ್ಬರು ಗಟ್ಟಿಯಾಗಿ ಬಿರಿದಿರುತ್ತದೆ. ತಂತಿಗಳ ಹೊದಿಕೆಯನ್ನೂ ಆಸನದ ಹತ್ತಿಯನ್ನೂ ಇಲಿಗಳು ತಿಂದಿರುತ್ತವೆ. ಬಹಳ ಹಳೆಯ ಕಾರುಗಳಲ್ಲಿ ತಗಡಿನ ಒಳಗೆ ಮರದ ಚೌಕಟ್ಟಿರುತ್ತದೆ. ಅದಕ್ಕೆ ಗೆದ್ದಲು, ಕೊಳೆತಗಳ ಬಾಧೆ. ಇವೆಲ್ಲವನ್ನೂ ಸರಿಪಡಿಸುವ ಖರ್ಚು ಅನೇಕ ವೇಳೆ ಕಾರಿನ ಬೆಲೆಯನ್ನೂ ಮೀರುತ್ತದೆ. ವರ್ಷಗಟ್ಟಲೆ ನಡೆಯುವ ಈ ಕೆಲಸಕ್ಕೆ ತೆರೆಯ ಮೇಲೆ ದೊರೆಯುವುದು ಕೆಲವೇ ನಿಮಿಷ.

ಓಡದ ಕಾರಿನ ಬೆಲೆ

ಈ ವಿಚಾರಗಳೆಲ್ಲ ಒಂದೆಡೆ ಕೂಡಿದ ಸಂದರ್ಭ 2013ರ ಸೆಪ್ಟೆಂಬರ್ 28 ಮತ್ತು 29ರಂದು ಒದಗಿತು. ಅಮೆರಿಕದ ನೆಬ್ರಾಸ್ಕಾ ರಾಜ್ಯದ ಪಿಯರ್ಸ್ ಎಂಬ ಸಣ್ಣ ಊರಿನಲ್ಲಿ ಲ್ಯಾಂಬ್ರೆಕ್ಟ್ ದಂಪತಿಗಳು 1946ರಿಂದ 1996ರವರೆಗೆ ಷೆವರ್ಲೆ ಕಾರುಗಳ ಅಂಗಡಿಯನ್ನು ನಡೆಸಿದ್ದರು. ಮಾರಾಟವಾಗದೆ ಉಳಿದ ಹೊಸ ಕಾರುಗಳನ್ನೂ ವಿನಿಮಯದಲ್ಲಿ ಬಂದ ಹಳೆಯ ಕಾರುಗಳನ್ನೂ ಅವರು ಹಾಗೆಯೇ ಇರಿಸಿಕೊಂಡು ಬಂದಿದ್ದರು. ಹೀಗೆ ಸೇರಿದ ಸುಮಾರು 500 ವಾಹನಗಳು ಬಯಲಿನಲ್ಲಿ ಹರಾಜಾದವು. ಹಿಸ್ಟರಿ ವಾಹಿನಿ ಅದನ್ನು ಪ್ರಸಾರ ಮಾಡಿತು. ಊರಿನ ಜನಸಂಖ್ಯೆಗಿಂತ ಅನೇಕ ಪಟ್ಟು ಜನ ನೆರೆದರು. 1958ರ ಷೆವರ್ಲೆ ಪಿಕಪ್ ವಾಹನವೊಂದು 1,40,000 ಡಾಲರಿಗೆ ಹೋಯಿತು. ಅದು ತನ್ನ ಆಯುಷ್ಯದಲ್ಲಿ ಓಡಿದ್ದು 1.3 ಮೈಲಿ, ಅಂದರೆ ಸುಮಾರು 2 ಕಿಲೋಮೀಟರು ಮಾತ್ರ!

ಆಸಕ್ತರಿಗೆ ಇದರಲ್ಲಿ ಸಂತೋಷವೂ ಇತ್ತು, ವ್ಯಥೆಯೂ ಇತ್ತು. ಕಾರ್ಖಾನೆಯಿಂದ ಬಂದಂತೆಯೇ ಉಳಿದ ವಾಹನ ಇತಿಹಾಸಕ್ಕೆ ಅಮೂಲ್ಯ ಸಾಕ್ಷಿ. ಆದರೆ ಕೊಂಡವನು ಅದನ್ನು ಓಡಿಸಿದರೆ ಬೆಲೆ ಇಳಿಯುತ್ತದೆ. ಓಡಿಸದಿದ್ದರೆ ಅದು ವಾಹನವೇ ಅಲ್ಲ.

ನಮ್ಮ ಶರಣರ ದೃಷ್ಟಿಯಲ್ಲಿ ಕಾಯಕವಿಲ್ಲದ ಬದುಕಿಗೆ ಬೆಲೆಯಿಲ್ಲ. ಓಡುವುದೇ ಕಾರಿನ ಕಾಯಕವೆಂದು ನಾವು ಭಾವಿಸಿದರೆ, ತನ್ನ ಕಾಯಕವನ್ನು ಒಮ್ಮೆಯೂ ಮಾಡದ ವಾಹನಕ್ಕೆ ಅತಿ ಹೆಚ್ಚಿನ ಬೆಲೆ ಬಂದುದು ಮಾರುಕಟ್ಟೆಯ ವಿಪರ್ಯಾಸವೆಂದೇ ಹೇಳಬೇಕು. ಹಳೆಯ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟವು 2012ರಲ್ಲಿ ಅಂಗೀಕರಿಸಿದ ಟ್ಯೂರಿನ್ ಸನ್ನದು ವಾಹನಗಳನ್ನು ಮೂಲರೂಪದಲ್ಲಿ ಉಳಿಸುವುದರ ಜೊತೆಗೆ ಅವುಗಳ ಬಳಕೆಯನ್ನೂ ಎತ್ತಿ ಹಿಡಿಯುತ್ತದೆ. ಮಾಡಿದ ದುರಸ್ತಿಯನ್ನು ಬರೆದಿಡಬೇಕೆಂದೂ ಹೇಳುತ್ತದೆ. ಇದು ಬೆಲೆಚೀಟಿಯ ಮಾತಲ್ಲ, ಹೊಣೆಗಾರಿಕೆಯ ಮಾತು.

ತಿಳಿದವನು, ತಿಳಿಯದವನು

ವಸ್ತುವಿನ ಬೆಲೆ ಕೊಳ್ಳುವವನಿಗೆ ತಿಳಿದಿದೆ, ಮಾರುವವನಿಗೆ ತಿಳಿದಿಲ್ಲ; ಇಂತಹ ವ್ಯವಹಾರ ನ್ಯಾಯವೇ? ‘ಅಮೆರಿಕನ್ ಪಿಕರ್ಸ್’ ಕಾರ್ಯಕ್ರಮದ ಕೆಲವು ಕಂತುಗಳಲ್ಲಿ, ಒಡೆಯನು ತೀರ ಕಡಿಮೆ ಕೇಳಿದಾಗ ಕೊಳ್ಳುವವರೇ ಹೆಚ್ಚು ಕೊಟ್ಟುದನ್ನು ಕಾಣಬಹುದು. ಆಸಕ್ತರು ನೆನೆದು ಮೆಚ್ಚುವುದು ಅಂತಹ ಕ್ಷಣಗಳನ್ನೇ.

ನಮಗೆ ಈ ನೀತಿ ಹೊಸದಲ್ಲ. ಆಯ್ದಕ್ಕಿ ಮಾರಯ್ಯನವರು ಒಂದು ದಿನ ಅಗತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ ಲಕ್ಕಮ್ಮನವರು ಹೆಚ್ಚಾದುದನ್ನು ಅಲ್ಲಿಯೇ ಸುರಿದು ಬರುವಂತೆ ಹೇಳಿದ ಪ್ರಸಂಗ ನಮ್ಮ ಮನೆಗಳ ಮಕ್ಕಳಿಗೂ ಗೊತ್ತು. ನೆಲದ ಮೇಲೆ ಬಿದ್ದ ಅಕ್ಕಿಗೇ ಅಂತಹ ಎಚ್ಚರವಿದ್ದರೆ, ತಿಳಿಯದ ವೃದ್ಧನೊಬ್ಬನ ಕೈಯಿಂದ ಕೊಳ್ಳುವ ವಸ್ತುವಿಗೆ ಎಷ್ಟು ಎಚ್ಚರ ಬೇಡ?

ನಮ್ಮ ಮನೆಗಳ ಅಟ್ಟ

ಅಮೆರಿಕದ ಕೊಟ್ಟಿಗೆಗಳ ಈ ಮಾತು ನಮಗೇಕೆಂದು ಕೇಳಬಹುದು. ನಮ್ಮ ವಾಡೆಗಳಲ್ಲಿ, ಹಳೆಯ ಮನೆಗಳಲ್ಲಿ ಅಜ್ಜನ ಕಾಲದ ಕಾರು ಅಥವಾ ಜೀಪು ಇಲ್ಲದಿದ್ದರೂ ಹಿತ್ತಾಳೆಯ ಪಾತ್ರೆ, ಮರದ ಪೆಟ್ಟಿಗೆ, ತಾಳೆಗರಿಯ ಕಟ್ಟು ಇದ್ದೇ ಇರುತ್ತವೆ. ಭಾರತದ 1972ರ ಕಾಯಿದೆಯಂತೆ ನೂರು ವರ್ಷಗಳಿಗೆ ಕಡಿಮೆಯಿಲ್ಲದ ಕಲಾವಸ್ತುಗಳೂ, ಮಹತ್ವವುಳ್ಳ ಹಸ್ತಪ್ರತಿಗಳಾದರೆ 75 ವರ್ಷಗಳಿಗೆ ಕಡಿಮೆಯಿಲ್ಲದವೂ ಪುರಾತನ ವಸ್ತುಗಳ ಸಾಲಿಗೆ ಸೇರುತ್ತವೆ; ಖಾಸಗಿಯವರು ಅವುಗಳನ್ನು ವಿದೇಶಕ್ಕೆ ಸಾಗಿಸುವಂತಿಲ್ಲ. ಕಾರಿನ ವಿಷಯದಲ್ಲಿ, 50 ವರ್ಷ ಮೀರಿ ಮೂಲರೂಪದಲ್ಲಿ ಉಳಿದ ವಾಹನಗಳಿಗೆ 2021ರ ಜುಲೈ ತಿಂಗಳಲ್ಲಿ ಕೇಂದ್ರ ಸರ್ಕಾರ ಪ್ರತ್ಯೇಕ ನೋಂದಣಿಯ ನಿಯಮವನ್ನು ಮಾಡಿತು. ಆ ನಿಯಮದಂತೆ ಹೊಸ ನೋಂದಣಿಗೆ 20,000 ರೂಪಾಯಿ ಶುಲ್ಕ, ಅವಧಿ 10 ವರ್ಷ, ಸಂಖ್ಯಾಫಲಕದಲ್ಲಿ ‘ವಿ.ಎ.’ ಎಂಬ ಅಕ್ಷರಗಳು. ಈಗಾಗಲೇ ನೋಂದಣಿಯಾದ ವಾಹನಕ್ಕೆ ಹಳೆಯ ನೋಂದಣಿ ಪುಸ್ತಕ ಅವಶ್ಯಕ. ಆದ್ದರಿಂದ ಅಜ್ಜನ ಹೆಸರಿನ ಆ ಪುಸ್ತಕವನ್ನು ರದ್ದಿಗೆ ಹಾಕುವುದು ಕಾರಿನ ಅರ್ಧ ಜೀವವನ್ನೇ ಕಳೆದಂತೆ.

ಹಳೆಯ ಕಾರುಗಳ ಆಸಕ್ತರ ಅನುಭವದಿಂದ ನಾವು ಕಲಿಯಬೇಕಾದುದು ಇಷ್ಟು. ಹಿರಿಯರು ಇರುವಾಗಲೇ ವಸ್ತುವಿನ ಕಥೆಯನ್ನು ಕೇಳಿ ಬರೆದಿಡಬೇಕು. ಕಾಗದಪತ್ರ, ಛಾಯಾಚಿತ್ರಗಳನ್ನು ವಸ್ತುವಿನಿಂದ ಬೇರ್ಪಡಿಸಬಾರದು. ಮಾರಲೇಬೇಕಾದರೆ ಮನೆಯವರೆಲ್ಲರ, ಅದರಲ್ಲೂ ವಸ್ತುವನ್ನು ಬಳಸಿದ ಹಿರಿಯರ ಒಪ್ಪಿಗೆ ಪಡೆದು, ಬಲ್ಲವರಿಬ್ಬರನ್ನು ವಿಚಾರಿಸಿ, ಅದನ್ನು ಬಿಡಿಸಿ ಮಾರದೆ ಇಡಿಯಾಗಿ ಕೊಡಬೇಕು. ಸಾಧ್ಯವಾದರೆ ಹತ್ತು ಜನ ನೋಡುವ ಸ್ಥಳಕ್ಕೆ ಸಲ್ಲಿಸಬೇಕು. ಧರ್ಮಸ್ಥಳದಲ್ಲಿ ಹಳೆಯ ಕಾರುಗಳು ಯಾತ್ರಿಕರ ಕಣ್ಣಿಗೆ ಬೀಳುವಂತೆ ನಿಂತಿರುವುದು ಇದಕ್ಕೆ ಒಳ್ಳೆಯ ನಿದರ್ಶನ.

ಮನೆಮನೆಯ ಅಟ್ಟವನ್ನು ಹುಡುಕಿದ ಮಹನೀಯರೊಬ್ಬರು ನಮ್ಮಲ್ಲಿಯೂ ಆಗಿಹೋದರು. ಡಾ. ಫ.ಗು. ಹಳಕಟ್ಟಿಯವರು ಊರೂರು ಅಲೆದು ತಾಳೆಗರಿಗಳನ್ನು ಸಂಗ್ರಹಿಸಿ 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಪ್ರಕಟಿಸಿದರು. ಅವರ ಹುಡುಕಾಟದಲ್ಲಿ ಕೊಂಡ ಬೆಲೆ, ಮಾರುವ ಬೆಲೆಗಳ ಲೆಕ್ಕವಿರಲಿಲ್ಲ. ಮುದ್ರಣಕ್ಕಾಗಿ ಸ್ವಂತ ಮನೆಯನ್ನೇ ಮಾರಿದರು. ಅವರು ಸಂಗ್ರಹಿಸಿದ್ದು ಪೆಟ್ಟಿಗೆಯಲ್ಲಿ ಉಳಿಯದೆ ಎಲ್ಲರ ನಾಲಗೆಯ ಮೇಲೆ ನಡೆದಾಡಿತು. ಹಳೆಯ ವಸ್ತು ಮತ್ತೆ ತನ್ನ ಕಾಯಕಕ್ಕೆ ಮರಳುವುದೆಂದರೆ ಇದೇ. ಕಿರುತೆರೆಯಲ್ಲಿ ಅಂಕಿಗಳು ಮೂಡುವಾಗ ನಮ್ಮ ಮನೆಯ ಮಕ್ಕಳು ‘ಇದಕ್ಕೆ ಎಷ್ಟು ಬರುತ್ತದೆ?’ ಎಂದು ಮಾತ್ರವಲ್ಲದೆ, ‘ಇದನ್ನು ಯಾರು ಬಳಸಿದರು, ಇನ್ನು ಯಾರು ಬಳಸಬಲ್ಲರು?’ ಎಂದೂ ಕೇಳುವಂತಾಗಲಿ.