ಹಾಸಿಗೆಗೆ ಕಾರ್ಡಿದೆ, ದಾರಿ ಖರ್ಚಿಗೆ ಏನಿದೆ?

ದೂರದ ಆಸ್ಪತ್ರೆಗೆ ತುರ್ತಾಗಿ ಹೋಗಬೇಕಾದಾಗ ಹೈನುಗಾರ ಮಹಿಳೆಯರಿಗೆ ತಿಳಿದಿರಬೇಕಾದ ಸಂಗತಿಗಳು

– ಪಶುವೈದ್ಯಾಧಿಕಾರಿ, ಹಾಲು ಒಕ್ಕೂಟ

ಒಂದು ಮಳೆಗಾಲದಲ್ಲಿ ಉತ್ತರ ಕನ್ನಡದ ಘಟ್ಟದ ಮೇಲಿನ ಹಳ್ಳಿಯೊಂದರಿಂದ ಬೆಳಗಿನ ಜಾವ ನಾಲ್ಕಕ್ಕೆ ನನಗೆ ಫೋನು ಬಂತು. "ಡಾಕ್ಟ್ರೇ, ಆಕಳು ರಾತ್ರಿಯಿಂದ ತಿಣುಕ್ತಾ ಇದೆ, ಕರು ಬರ್ತಾ ಇಲ್ಲ. ಬೇಗ ಬನ್ನಿ." ಹೋಗಿ ನೋಡಿದರೆ ಕರುವಿನ ತಲೆ ಹಿಂದಕ್ಕೆ ಮಡಚಿಕೊಂಡಿತ್ತು. ಒಂದು ಗಂಟೆಯ ಕೆಲಸದ ನಂತರ ಹೆಣ್ಣುಕರು ಜೀವಂತವಾಗಿ ಬಂತು. ಮನೆಯ ಅಕ್ಕ ಬಿಸಿನೀರು, ಟಾರ್ಚು, ಹಗ್ಗ ಎಲ್ಲವನ್ನೂ ಮೊದಲೇ ಸಿದ್ಧ ಮಾಡಿಟ್ಟಿದ್ದರು.

ಎರಡು ತಿಂಗಳ ನಂತರ ಅದೇ ಅಕ್ಕನಿಗೆ ಹುಲ್ಲಿನ ಹೊರೆ ಎತ್ತುವಾಗ ಕೊಳಕುಮಂಡಲ ಕಚ್ಚಿತು. ಆಕೆ ಯಾರಿಗೂ ಹೇಳಲಿಲ್ಲ. ಹಾಲು ಕರೆದು, ಕ್ಯಾನು ಹೊತ್ತು ಡೇರಿಗೆ ಹಾಲು ಹಾಕಿ ಬಂದ ಮೇಲೆ, ಕಾಲು ಊದಿಕೊಂಡಾಗ ಬಾಯಿಬಿಟ್ಟರು. ಅಷ್ಟರಲ್ಲಿ ಎರಡು ಗಂಟೆ ಕಳೆದಿತ್ತು. ತಾಲ್ಲೂಕು ಆಸ್ಪತ್ರೆಯಲ್ಲಿ ವಿಷನಿರೋಧಕ ಚುಚ್ಚುಮದ್ದು ಸಿಕ್ಕಿತು. ಆದರೆ ಮಾರನೆಯ ದಿನ ಮೂತ್ರ ಕಡಿಮೆಯಾಯಿತು. ಕಿಡ್ನಿಗೆ ಪೆಟ್ಟು ಬಿದ್ದಿರಬಹುದು, ಡಯಾಲಿಸಿಸ್ ಬೇಕಾಗಬಹುದು, ದೊಡ್ಡ ಆಸ್ಪತ್ರೆಗೆ ಕರೆದೊಯ್ಯಿರಿ ಎಂದರು.

ನೂರು ಕಿಲೋಮೀಟರ್ ದಾರಿ. ಗಾಬರಿಯಲ್ಲಿ ಯಾರೋ ಕೊಟ್ಟ ನಂಬರಿಗೆ ಫೋನು ಮಾಡಿ ಖಾಸಗಿ ಆಂಬುಲೆನ್ಸ್ ಕರೆಸಿದರು. ಹೋಗುವ ದಾರಿ, ಬರುವ ದಾರಿ, ಆಮ್ಲಜನಕ ಎಲ್ಲ ಸೇರಿ ಏಳು ಸಾವಿರ ರೂಪಾಯಿ. ಆಸ್ಪತ್ರೆಯಲ್ಲಿ ಕಾರ್ಡು ತೋರಿಸಿದರು, ಚಿಕಿತ್ಸೆಗೆ ಹಣ ಕೇಳಲಿಲ್ಲ. ಆದರೆ ಆ ಏಳು ಸಾವಿರ ವಾಪಸ್ ಬರಲಿಲ್ಲ. ಸಂಘದಿಂದ ತಂದ ಮುಂಗಡವನ್ನು ಹಾಲಿನ ಬಟವಾಡೆಯಲ್ಲಿ ತೀರಿಸಲು ಆಕೆಗೆ ತಿಂಗಳುಗಳೇ ಹಿಡಿದವು. ಅಕ್ಕ ಈಗ ಗುಣವಾಗಿದ್ದಾರೆ, ಕೊಟ್ಟಿಗೆಗೆ ಮರಳಿದ್ದಾರೆ. ನನ್ನನ್ನು ಕಂಡಾಗ ಕೇಳಿದ್ದು ಒಂದೇ ಮಾತು: "ಡಾಕ್ಟ್ರೇ, ಐದು ಲಕ್ಷದ ಕಾರ್ಡು ಇದ್ದೂ ಗಾಡಿ ಬಾಡಿಗೆ ಯಾಕೆ ಸಿಗಲಿಲ್ಲ?"

ಈ ಲೇಖನ ಆ ಪ್ರಶ್ನೆಗೆ ಉತ್ತರ. ನಾನು ದನದ ಡಾಕ್ಟರು. ಆದರೆ ವಿಮೆಯ ಕಾಗದಪತ್ರಗಳ ಜೊತೆ ಒಡನಾಟ ನಮಗೂ ಇದೆ. ಅದಕ್ಕೇ ವಿಚಾರಿಸಿ ತಿಳಿದದ್ದನ್ನು ಇಲ್ಲಿ ಬರೆದಿದ್ದೇನೆ.

ಕಾರ್ಡಿನಲ್ಲಿ ಏನಿದೆ, ಏನಿಲ್ಲ

ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದೆ. ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ ಶೇ. 30ರಷ್ಟು, ವರ್ಷಕ್ಕೆ 1.5 ಲಕ್ಷದವರೆಗೆ ಸಿಗುತ್ತದೆ. ಆಯುಷ್ಮಾನ್ ಪಟ್ಟಿಯಲ್ಲಿ ದಾಖಲಾಗುವ ಮುಂಚಿನ 3 ದಿನಗಳ ತಪಾಸಣೆ, ಔಷಧಿ, ಶಸ್ತ್ರಚಿಕಿತ್ಸೆ, ತೀವ್ರ ನಿಗಾ ಘಟಕ, ಊಟ, ಮನೆಗೆ ಬಂದ ಮೇಲಿನ 15 ದಿನಗಳ ಔಷಧೋಪಚಾರ ಎಲ್ಲವೂ ಇದೆ. ಮನೆಯಿಂದ ಆಸ್ಪತ್ರೆಗೆ ಹೋಗುವ ಗಾಡಿ ಖರ್ಚು ಆ ಪಟ್ಟಿಯಲ್ಲಿಲ್ಲ.

ಹಿಂದೆ ರಾಷ್ಟ್ರೀಯ ಸ್ವಾಸ್ಥ್ಯ ಬಿಮಾ ಯೋಜನೆ ಇದ್ದಾಗ, ಸ್ಮಾರ್ಟ್ ಕಾರ್ಡ್ ಇದ್ದವರಿಗೆ ಆಸ್ಪತ್ರೆಗೆ ಹೋದಾಗ ಪ್ರತಿ ಸಲ 100 ರೂಪಾಯಿಯಂತೆ ವರ್ಷಕ್ಕೆ 1,000 ರೂಪಾಯಿವರೆಗೆ ಪ್ರಯಾಣಭತ್ಯೆ ಇತ್ತು. ಹಿರಿಯರು ಅದನ್ನು ನೆನೆದು ಈಗಲೂ ಕೊಡುತ್ತಾರೆಂದು ಕಾಯುವುದುಂಟು. ಆ ಕಾರ್ಡು ಈಗ ಚಾಲ್ತಿಯಲ್ಲಿಲ್ಲ.

ಸಹಕಾರ ಸಂಘದ ಸದಸ್ಯರಾದ ನಮಗೆ ಯಶಸ್ವಿನಿ ಇದೆ. 2003ರಲ್ಲಿ ಆರಂಭವಾದ ಈ ಯೋಜನೆ 2018ರಲ್ಲಿ ನಿಂತು, ಮತ್ತೆ ಜಾರಿಯಾಗಿ 2023ರ ಜನವರಿಯಿಂದ ಚಿಕಿತ್ಸೆ ಸಿಗತೊಡಗಿತು. ಮರುಜಾರಿಯಾದಾಗ ಗ್ರಾಮೀಣ ಕುಟುಂಬದ ನಾಲ್ವರಿಗೆ ವರ್ಷಕ್ಕೆ 500 ರೂಪಾಯಿ ವಂತಿಗೆ, 5 ಲಕ್ಷದವರೆಗೆ ನಗದುರಹಿತ ಚಿಕಿತ್ಸೆ ಎಂದು ನಿಗದಿಯಾಯಿತು. ಹಾವು ಕಡಿತ, ಎತ್ತು ತಿವಿದ ಗಾಯ, ಕೃಷಿ ಯಂತ್ರದಿಂದಾದ ಅಪಘಾತ ಮೊದಲಾದ ರೈತರ ಸಂಕಟಗಳನ್ನು ಹಳೆಯ ಯಶಸ್ವಿನಿಯೇ ಗುರುತಿಸಿತ್ತು. ನೆನಪಿಡಿ, ಯಶಸ್ವಿನಿ ನಡೆಯುವುದು ನೆಟ್‌ವರ್ಕ್ ಆಸ್ಪತ್ರೆಗಳಲ್ಲಿ ಮಾತ್ರ.

ಇಲ್ಲೇ ಅನೇಕರು ಎಡವುವುದು. ರಾತ್ರಿ ಗಾಬರಿಯಲ್ಲಿ ಕೈಗೆ ಸಿಕ್ಕ ಆಸ್ಪತ್ರೆಗೆ ಓಡುತ್ತಾರೆ. ಅಲ್ಲಿ ಕಾರ್ಡು ನಡೆಯುವುದಿಲ್ಲ. ಮತ್ತೊಂದು ಆಸ್ಪತ್ರೆಗೆ ಮತ್ತೊಂದು ಆಂಬುಲೆನ್ಸ್. ಬಾಡಿಗೆಯೂ ಎರಡಾಯಿತು, ಅಮೂಲ್ಯ ಸಮಯವೂ ಹೋಯಿತು.

ಮೊದಲ ಫೋನು 108ಕ್ಕೆ

ವಿಮೆ ಕೊಡದ ದಾರಿ ಖರ್ಚನ್ನು ಉಳಿಸುವುದು 108. ಕರ್ನಾಟಕದಲ್ಲಿ 'ಆರೋಗ್ಯ ಕವಚ' ಹೆಸರಿನಲ್ಲಿ 2008ರ ನವೆಂಬರ್ 1ರಂದು ಶುರುವಾದ ಈ ಸೇವೆ ಹಗಲೂ ರಾತ್ರಿ ಉಚಿತ. ಕಾರ್ಡು ಬೇಡ, ಬಿಪಿಎಲ್ – ಎಪಿಎಲ್ ಎಂಬ ಭೇದವಿಲ್ಲ. ಆದರೆ ನಾವು ಹೇಳಿದ ಆಸ್ಪತ್ರೆಗಲ್ಲ, ಚಿಕಿತ್ಸೆ ಸಿಗುವ ಹತ್ತಿರದ ಆಸ್ಪತ್ರೆಗೆ ಒಯ್ಯುವುದು ಅದರ ಕ್ರಮ. ಹಾವು ಕಚ್ಚಿದಾಗ, ಎದೆನೋವು ಬಂದಾಗ ಮೊದಲು ಹತ್ತಿರದ ಆಸ್ಪತ್ರೆಯೇ ಸರಿ. ನೂರು ಕಿಲೋಮೀಟರ್ ದೂರದ ದೊಡ್ಡ ಹೆಸರಲ್ಲ. ವಿಷನಿರೋಧಕ ಚುಚ್ಚುಮದ್ದು ತಾಲ್ಲೂಕು ಆಸ್ಪತ್ರೆಯಲ್ಲೇ ಉಚಿತವಾಗಿ ಸಿಗುತ್ತದೆ. ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಗೆ ಸೇರಿದ ತಾಲ್ಲೂಕು ಆಸ್ಪತ್ರೆಗಳಲ್ಲಿ ಹೃದಯಾಘಾತಕ್ಕೆ ರಕ್ತ ಹೆಪ್ಪು ಕರಗಿಸುವ ದುಬಾರಿ ಇಂಜೆಕ್ಷನ್ ಕೂಡ ಉಚಿತ.

ತಾಲ್ಲೂಕು ಆಸ್ಪತ್ರೆಯಿಂದ ಮುಂದಕ್ಕೆ ಕಳಿಸುವಾಗ ಗಡಿಬಿಡಿಯಲ್ಲಿ ಹೊರಗೆ ಬಂದು ಗಾಡಿ ಹುಡುಕಬೇಡಿ. "ಆಸ್ಪತ್ರೆಯ ಆಂಬುಲೆನ್ಸ್ ಇದೆಯಾ? 108ಕ್ಕೆ ನೀವೇ ಹೇಳ್ತೀರಾ?" ಎಂದು ಅಲ್ಲಿನ ವೈದ್ಯರನ್ನು, ನರ್ಸ್‌ಗಳನ್ನು ಕೇಳಿ. ನಮ್ಮ ಅಕ್ಕನ ಮನೆಯವರು ಈ ಒಂದು ಮಾತು ಕೇಳಿರಲಿಲ್ಲ.

ಗರ್ಭಿಣಿ, ಬಾಣಂತಿಯರಿಗೆ ಇದು ಹಕ್ಕು. 2011ರಿಂದ ಇರುವ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಲ್ಲಿ ಮನೆಯಿಂದ ಸರ್ಕಾರಿ ಆಸ್ಪತ್ರೆಗೆ, ಅಲ್ಲಿಂದ ದೊಡ್ಡ ಆಸ್ಪತ್ರೆಗೆ, ಹೆರಿಗೆಯ ನಂತರ ಮನೆಗೆ, ಮೂರೂ ಪ್ರಯಾಣ ಉಚಿತ. ಒಂದು ವರ್ಷದೊಳಗಿನ ಕಾಯಿಲೆ ಮಗುವಿಗೂ ಇದೇ ಸೌಲಭ್ಯವಿದೆ. ಬಾಣಂತಿಯನ್ನು ಮನೆಗೆ ಬಿಡುವ 'ನಗು-ಮಗು' ಗಾಡಿಯನ್ನು ಆಸ್ಪತ್ರೆಯಲ್ಲೇ ಕೇಳಿ ಪಡೆಯಿರಿ.

ಖಾಸಗಿ ವಿಮೆ ಮಾಡಿಸಿದ್ದರೆ

ಕೆಲವು ಮನೆಗಳಲ್ಲಿ ಮಕ್ಕಳು ಪಟ್ಟಣದಲ್ಲಿದ್ದು ತಂದೆತಾಯಿಗೆ ಆರೋಗ್ಯ ವಿಮೆ ಮಾಡಿಸಿರುತ್ತಾರೆ. ಇಂಥ ಪಾಲಿಸಿಗಳಲ್ಲಿ ಆಂಬುಲೆನ್ಸ್ ಖರ್ಚಿಗೆ ಜಾಗ ಇರುತ್ತದೆ, ಆದರೆ ಮಿತಿ ಇರುತ್ತದೆ. ಉದಾಹರಣೆಗೆ, 2020ರ ಏಪ್ರಿಲ್‌ನಿಂದ ವಿಮಾ ಕಂಪನಿಗಳು ಮಾರುವ 'ಆರೋಗ್ಯ ಸಂಜೀವನಿ' ಪಾಲಿಸಿ ಒಂದು ಸಲದ ದಾಖಲಾತಿಗೆ ಆಂಬುಲೆನ್ಸ್‌ಗೆಂದು ಕೊಡುವುದು ಹೆಚ್ಚೆಂದರೆ 2,000 ರೂಪಾಯಿ. ಏಳು ಸಾವಿರ ಬಾಡಿಗೆಯಾದರೆ ಉಳಿದ ಐದು ಸಾವಿರ ನಮ್ಮದೇ. ಆಸ್ಪತ್ರೆಗೆ ದಾಖಲಾದರೆ ಮಾತ್ರ ಇದು ಸಿಗುತ್ತದೆ. ಅಪಘಾತ ಬಿಟ್ಟು ಬೇರೆ ಕಾಯಿಲೆಗಳಿಗೆ ಪಾಲಿಸಿಯ ಮೊದಲ 30 ದಿನ ಏನೂ ಸಿಗುವುದಿಲ್ಲ.

ದನದ ವಿಮೆ ನಿಮಗೆ ಗೊತ್ತಿದೆ. ಆಕಳು ಸತ್ತಾಗ ಮರಣೋತ್ತರ ಪರೀಕ್ಷೆಗೆ ಬಂದ ನಾನು ಮೊದಲು ಕೇಳುವುದು "ಕಿವಿಯೋಲೆ ಎಲ್ಲಿ?" ಎಂದು. ಓಲೆ ಇಲ್ಲದಿದ್ದರೆ ವಿಮೆ ಹಣವಿಲ್ಲ. ಮನುಷ್ಯರ ಆಂಬುಲೆನ್ಸ್ ಖರ್ಚಿಗೆ ರಸೀದಿಯೇ ಕಿವಿಯೋಲೆ. ಅದರಲ್ಲಿ ರೋಗಿಯ ಹೆಸರು, ದಿನಾಂಕ, ಎಲ್ಲಿಂದ ಎಲ್ಲಿಗೆ, ಗಾಡಿ ನಂಬರು, ಕೊಟ್ಟ ಹಣ ಎಲ್ಲವೂ ಇರಬೇಕು. ಮುಂದಿನ ಆಸ್ಪತ್ರೆಗೆ ಕಳಿಸಿದ ಚೀಟಿ, ಬಿಡುಗಡೆ ಪತ್ರ ಇವುಗಳನ್ನೂ ಒಟ್ಟಿಗೆ ಇಡಿ. "ಆಮೇಲೆ ಕೊಡ್ತೀನಿ" ಎಂದ ರಸೀದಿ ಬರುವುದು ಕಡಿಮೆ. ಹಣ ಕೊಡುವಾಗಲೇ ಕೇಳಿ ಪಡೆಯಿರಿ.

ಕೊಟ್ಟಿಗೆ ಬಾಗಿಲಿಗೆ ಒಂದು ಚೀಟಿ

ಪಶು ಆಂಬುಲೆನ್ಸಿನ 1962 ನಂಬರನ್ನು ಅನೇಕರು ಕೊಟ್ಟಿಗೆ ಬಾಗಿಲಿಗೆ ಬರೆದಿಟ್ಟಿದ್ದೀರಿ. ಅದರ ಪಕ್ಕದಲ್ಲೇ ಇವನ್ನೂ ಬರೆದಿಡಿ:

• 108: ತುರ್ತು ಆಂಬುಲೆನ್ಸ್. 104: ಆರೋಗ್ಯ ಸಹಾಯವಾಣಿ. 14555: ಆಯುಷ್ಮಾನ್ ಕಾರ್ಡಿನ ವಿಚಾರಣೆಗೆ.

• ನಿಮ್ಮ ಕಾರ್ಡು ನಡೆಯುವ ಎರಡು ಆಸ್ಪತ್ರೆಗಳ ಹೆಸರು. ನಮ್ಮಲ್ಲಿ ಕೆಲವರು ಹುಬ್ಬಳ್ಳಿ ಕಡೆ ಹೋಗುತ್ತಾರೆ, ಕೆಲವರು ಘಟ್ಟ ಇಳಿದು ಮಣಿಪಾಲ, ಮಂಗಳೂರಿಗೆ. ನೀವು ಹೋಗುವ ಕಡೆ ಯಾವ ಆಸ್ಪತ್ರೆ ಪಟ್ಟಿಯಲ್ಲಿದೆ ಎಂದು ಈಗಲೇ ವಿಚಾರಿಸಿ. ಯಶಸ್ವಿನಿಯ ಬಗ್ಗೆ ಸಂಘದ ಕಾರ್ಯದರ್ಶಿಯವರನ್ನು ಕೇಳಿ.

• ಮನೆಗೆ ಬರುವ ದಾರಿಯ ಗುರುತು: ಶಾಲೆ, ದೇವಸ್ಥಾನ, ಡೇರಿ. ಫೋನಿನಲ್ಲಿ ಇದನ್ನೇ ಓದಿ ಹೇಳಬಹುದು. ಒಬ್ಬರು ಟಾರ್ಚು ಹಿಡಿದು ಮುಖ್ಯರಸ್ತೆಯ ತಿರುವಿನಲ್ಲಿ ನಿಲ್ಲಲಿ. ಮನೆಯಲ್ಲಿ ನೆಟ್‌ವರ್ಕ್ ಸಿಗದಿದ್ದರೆ ಎಲ್ಲಿ ಸಿಗುತ್ತದೆ ಎಂಬುದೂ ಎಲ್ಲರಿಗೂ ಗೊತ್ತಿರಲಿ.

• 108 ತಡವಾದರೆ ಬರಬಲ್ಲ ಊರಿನ ಇಬ್ಬರು ಗಾಡಿಯವರ ನಂಬರು. ಖಾಸಗಿ ಆಂಬುಲೆನ್ಸ್ ಆದರೆ ಹತ್ತುವ ಮೊದಲೇ ದರ ಕೇಳಿ: ಒಂದು ಕಡೆಗೋ, ಎರಡೂ ಕಡೆಗೋ? ಆಮ್ಲಜನಕಕ್ಕೆ ಬೇರೆಯೋ?

• ನೀವಿಲ್ಲದಾಗ ಹಾಲು ಕರೆಯುವವರ ಹೆಸರು.

ಕೊನೆಯದು ಸಣ್ಣ ವಿಷಯ ಅನ್ನಿಸಬಹುದು. ಆದರೆ ನಾನು ಕಂಡಂತೆ ಹೆಂಗಸರು ಆಸ್ಪತ್ರೆಗೆ ತಡವಾಗಿ ಹೋಗುವುದಕ್ಕೆ ಮುಖ್ಯ ಕಾರಣವೇ "ದನ ಯಾರು ನೋಡ್ತಾರೆ?" ಎಂಬ ಚಿಂತೆ. ಪಕ್ಕದ ಮನೆಯ ಅತ್ತಿಗೆಯ ಜೊತೆ ಈಗಲೇ ಮಾತಾಡಿಕೊಳ್ಳಿ: "ನನಗೆ ಹುಷಾರಿಲ್ಲದಾಗ ನೀನು, ನಿನಗೆ ಹುಷಾರಿಲ್ಲದಾಗ ನಾನು." ನಿಮ್ಮ ಆಕಳಿಗೆ ಆಕೆಯ ಕೈ ಅಭ್ಯಾಸವಾಗಲಿ. ವಾರಕ್ಕೊಮ್ಮೆ ಆಕೆಯೂ ಕರೆಯಲಿ.

ಸಂಘದಲ್ಲಿ ಒಂದು ಮಾತು

ವಿಮೆ ತುಂಬದ ಈ ಗುಂಡಿಯನ್ನು ನಾವೇ ಸ್ವಲ್ಪ ಮುಚ್ಚಬಹುದು. ನಿಮ್ಮ ಸಂಘದಲ್ಲಿ, ಸ್ತ್ರೀಶಕ್ತಿ ಅಥವಾ ಸ್ವಸಹಾಯ ಗುಂಪಿನಲ್ಲಿ 40 ಜನ ಇದ್ದೀರಿ ಅಂದುಕೊಳ್ಳಿ. ತಲಾ ತಿಂಗಳಿಗೆ 20 ರೂಪಾಯಿ ಬೇರೆ ಇಟ್ಟರೆ ತಿಂಗಳಿಗೆ 800, ವರ್ಷಕ್ಕೆ 9,600 ರೂಪಾಯಿ. ಒಬ್ಬರನ್ನು ನೂರು ಕಿಲೋಮೀಟರ್ ದೂರಕ್ಕೆ ಕಳಿಸಲು ಅಷ್ಟು ಸಾಕು. ಆ ಹಣ ಯಾರ ಬಳಿ ಇರಬೇಕು, ರಾತ್ರಿ ಎರಡು ಗಂಟೆಗೆ ಅದನ್ನು ತೆಗೆಯಲು ಯಾರಿಗೆ ಅಧಿಕಾರ, ಪಡೆದವರು ವಾಪಸ್ ಕೊಡಬೇಕೋ ಬೇಡವೋ ಎಂಬುದನ್ನು ಮುಂದಿನ ಸಭೆಯಲ್ಲಿ ಮಾತಾಡಿ, ನಡಾವಳಿ ಪುಸ್ತಕದಲ್ಲಿ ಬರೆಸಿ. ಯಶಸ್ವಿನಿ ನೋಂದಣಿ ಯಾವಾಗ ಎಂದು ಅದೇ ಸಭೆಯಲ್ಲಿ ಕೇಳಿಬಿಡಿ. ನೋಂದಣಿಯ ಅವಧಿ ಮುಗಿದ ಮೇಲೆ ಕಾಯಿಲೆ ಬಂದರೆ ಮುಂದಿನ ವರ್ಷದವರೆಗೆ ಕಾಯಬೇಕಾಗುತ್ತದೆ.

ಆ ಅಕ್ಕನ ಮನೆಗೆ ಮೊನ್ನೆ ಹೋಗಿದ್ದೆ. ಅಂದು ಹುಟ್ಟಿದ ಹೆಣ್ಣುಕರು ಈಗ ಗಬ್ಬ ಕಟ್ಟುವ ವಯಸ್ಸಿಗೆ ಬಂದಿದೆ. ಬಾಗಿಲ ಮೇಲೆ 1962ರ ಕೆಳಗೆ ಸೀಮೆಸುಣ್ಣದಲ್ಲಿ 108 ಎಂದು ಬರೆದಿತ್ತು. "ಮಳೆಗೆ ಅಳಿಸಿ ಹೋಗುತ್ತೆ ಅಕ್ಕ, ಬಣ್ಣದಲ್ಲಿ ಬರೆಸಿ" ಅಂದೆ. "ಮಗ ಪೇಂಟು ತಂದಿದ್ದಾನೆ, ಭಾನುವಾರ ಬರೀತಾನೆ" ಅಂದರು.

ನಿಮ್ಮ ಮನೆಯಲ್ಲೂ ಈ ಭಾನುವಾರವೇ ಆಗಲಿ. ಆಕಳಿಗೆ ತೊಂದರೆಯಾದಾಗ ನೀವು ಒಂದು ನಿಮಿಷವೂ ಕಾಯುವುದಿಲ್ಲ. ನಿಮಗೆ ತೊಂದರೆಯಾದಾಗಲೂ ಹಾಲು ಕರೆಯುವವರೆಗೆ ಕಾಯಬೇಡಿ.