ಮೂರೂವರೆ ಸೆಕೆಂಡಿನ ಸ್ಕಾರ್ಫ್

1994ರ ಆಗಸ್ಟ್‌ನಲ್ಲಿ ಅಮೆರಿಕದ ಗ್ರಾಹಕ ಉತ್ಪನ್ನ ಸುರಕ್ಷತಾ ಆಯೋಗ ಭಾರತದಲ್ಲಿ ತಯಾರಾದ ಸುಮಾರು ಎರಡೂವರೆ ಲಕ್ಷ ಲಂಗಗಳನ್ನು ವಾಪಸು ಪಡೆಯುವಂತೆ ಮಾಡಿತು. ತೆಳ್ಳನೆಯ ರೇಯಾನ್ ಶಿಫಾನಿನ ಆ ಲಂಗಗಳು ಬೆಂಕಿ ತಗುಲಿದರೆ ಸುದ್ದಿಪತ್ರಿಕೆಗಿಂತ ಬೇಗ ಉರಿಯುತ್ತಿದ್ದವು. ಆಮೇಲೆ ಇದೇ ಕಾರಣಕ್ಕೆ ಅಲ್ಲಿ ಮತ್ತೆ ಮತ್ತೆ ವಾಪಸಾಗುತ್ತ ಬಂದದ್ದು ಕೊರಳಿಗೆ ಸುತ್ತಿಕೊಳ್ಳುವ ಸ್ಕಾರ್ಫ್.

ಇದಕ್ಕೆ ಆಧಾರವಾದ ಕಾಯ್ದೆ 1953ರದು. ಜುಂಗು ಎಬ್ಬಿಸಿದ ರೇಯಾನ್ ಸ್ವೆಟರುಗಳೂ ಮಕ್ಕಳ ಕೌಬಾಯ್ ಉಡುಪುಗಳೂ ಹೊತ್ತಿಕೊಂಡು ಜೀವಗಳು ಹೋದ ಮೇಲೆ ಬಂದ ಕಾಯ್ದೆ ಅದು. ಟೋಪಿ, ಕೈಗವಸುಗಳಿಗೆ ವಿನಾಯಿತಿ ಉಂಟು, ಸ್ಕಾರ್ಫಿಗೆ ಇಲ್ಲ. ಅದು ಸರಿಯೇ. ಮುಖಕ್ಕೂ ಕೂದಲಿಗೂ ಅಷ್ಟು ಹತ್ತಿರ ಇರುವ, ತುದಿ ಜೋತಾಡುವ ಬಟ್ಟೆ ಅದು.

ಪರೀಕ್ಷೆ ನೋಡಲು ಬಲು ಸರಳ. ಬಟ್ಟೆಯ ಪಟ್ಟಿಯನ್ನು 105 ಡಿಗ್ರಿ ಸೆಲ್ಸಿಯಸ್ ಒಲೆಯಲ್ಲಿ ಅರ್ಧ ಗಂಟೆ ಒಣಗಿಸಿ, ತೇವ ತಾಗದಂತೆ ಆರಿಸಿ, 45 ಡಿಗ್ರಿ ಓರೆಯಾಗಿ ಚೌಕಟ್ಟಿಗೆ ಸಿಕ್ಕಿಸುತ್ತಾರೆ. ಕೆಳತುದಿಗೆ ಪುಟ್ಟ ಜ್ವಾಲೆಯನ್ನು ಒಂದೇ ಸೆಕೆಂಡು ತಾಗಿಸುತ್ತಾರೆ. ಮೇಲೆ ಅಡ್ಡಲಾಗಿ ಹತ್ತಿಯ ದಾರ ಕಟ್ಟಿರುತ್ತದೆ. ಬೆಂಕಿ ಅಲ್ಲಿಗೆ ಮುಟ್ಟಿದೊಡನೆ ದಾರ ಸುಟ್ಟು, ಅದಕ್ಕೆ ತೂಗುಬಿಟ್ಟ ಬಟ್ಟು ಕೆಳಗೆ ಬಿದ್ದು ಗಡಿಯಾರ ನಿಲ್ಲುತ್ತದೆ. ನಡುವಿನ ದೂರ 127 ಮಿಲಿಮೀಟರ್. ಜುಂಗಿಲ್ಲದ ಬಟ್ಟೆ ಈ ದೂರವನ್ನು ಸರಾಸರಿ ಮೂರೂವರೆ ಸೆಕೆಂಡಿಗೂ ಮೊದಲೇ ದಾಟಿಬಿಟ್ಟರೆ ಅದನ್ನು ಉಡುಪಿಗೆ ಬಳಸುವಂತಿಲ್ಲ. ಒಮ್ಮೆ ಒಗೆದ ಮೇಲೂ ಇದೇ ಪರೀಕ್ಷೆ ನಡೆಯುತ್ತದೆ.

ರೇಷ್ಮೆಗೆ ಬೆಂಕಿಯ ಭಯವಿಲ್ಲ ಎಂದು ನಮ್ಮಲ್ಲಿ ಬಹಳ ಜನ ನಂಬುತ್ತಾರೆ. ಒತ್ತಾಗಿ ನೇಯ್ದ ದಪ್ಪ ರೇಷ್ಮೆ ನಿಧಾನವಾಗಿ ಉರಿಯುತ್ತದೆ, ನಿಜ. ಆದರೆ ಆಯೋಗ ಎಚ್ಚರಿಸುತ್ತ ಬಂದ ಬಟ್ಟೆಗಳಲ್ಲಿ ಪಾರದರ್ಶಕ ಅಪ್ಪಟ ರೇಷ್ಮೆಯ ಸ್ಕಾರ್ಫೂ ಇದೆ. ನೂಲಿನ ಜಾತಿಯಷ್ಟೇ ತೂಕವೂ ಮುಖ್ಯ. ತೆಳು ಬಟ್ಟೆಯಲ್ಲಿ ಬಿಸಿಯೇರಬೇಕಾದ ನೂಲು ಕಡಿಮೆ, ಎಳೆಗಳ ನಡುವೆ ಗಾಳಿ ಹೆಚ್ಚು. ಆದ್ದರಿಂದಲೇ ಚದರ ಮೀಟರಿಗೆ ಸುಮಾರು 88 ಗ್ರಾಂ ಅಥವಾ ಅದಕ್ಕಿಂತ ಹೆಚ್ಚು ತೂಗುವ, ಜುಂಗಿಲ್ಲದ ಬಟ್ಟೆಗೆ ಅಲ್ಲಿ ಪರೀಕ್ಷೆಯೇ ಬೇಡ. ಪಾಲಿಯೆಸ್ಟರಿಗೂ ವಿನಾಯಿತಿ ಇದೆ, ಆದರೆ ಅದನ್ನು ಅಭಯವೆಂದು ತಿಳಿಯಬಾರದು: ಅದು ಕರಗಿ ಚರ್ಮಕ್ಕೆ ಅಂಟುತ್ತದೆ.

ಅಡುಗೆಮನೆಯಲ್ಲಿ ಸೆರಗಿಗೋ ವೇಲಿಗೋ ಬೆಂಕಿ ಹತ್ತಿದರೆ ನಾವು ಮೊದಲು ಉಟ್ಟವಳ ಅಜಾಗರೂಕತೆಯನ್ನೇ ಬೈಯುತ್ತೇವೆ. ಬಟ್ಟೆಯನ್ನೂ ಪ್ರಶ್ನಿಸಬಹುದು ಎಂಬುದು ನಮಗೆ ಹೊಳೆಯುವುದೇ ಇಲ್ಲ. ವಾಪಸಾತಿ ಆ ಪ್ರಶ್ನೆಯನ್ನು ತಯಾರಕರ, ಮಾರಿದವರ ಮುಂದಿಡುತ್ತದೆ. ಧರಿಸುವುದನ್ನು ನಿಲ್ಲಿಸಿ, ಮರಳಿಸಿ, ಹಣ ಪಡೆಯಿರಿ ಎಂದು ಪ್ರಕಟಣೆ ಹೊರಡುತ್ತದೆ. ವಾಪಸಾತಿಗೆ ಒಳಗಾದ ಸರಕನ್ನು ಅಮೆರಿಕದಲ್ಲಿ ಹಳೇ ಬಟ್ಟೆ ಅಂಗಡಿಯೂ ಮಾರುವಂತಿಲ್ಲ.

ನಮ್ಮ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯೂ ಅಪಾಯಕಾರಿ ಸರಕನ್ನು ವಾಪಸು ಪಡೆಯಿರಿ ಎಂದು ಆದೇಶಿಸುವ ಅಧಿಕಾರವನ್ನು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರಕ್ಕೆ ಕೊಟ್ಟಿದೆ. 2022ರಲ್ಲಿ ಗುಣಮಟ್ಟದ ನಿಯಮ ಪಾಲಿಸದ ಪ್ರೆಶರ್ ಕುಕ್ಕರುಗಳ ಮೇಲೆ ಅದು ಈ ಅಧಿಕಾರ ಚಲಾಯಿಸಿತು. ಕೊರಳ ಸುತ್ತಿನ ಬಟ್ಟೆಗೂ ಅದೇ ಕಾಯ್ದೆ ಅನ್ವಯಿಸುತ್ತದೆ. ಬೆಂಕಿ ತಗುಲಿದರೆ ಥಟ್ಟನೆ ಉರಿಯುವ ವೇಲ್ ಕಣ್ಣಿಗೆ ಬಿದ್ದರೆ 1915ಕ್ಕೆ ಕರೆಮಾಡಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯಲ್ಲಿ ದೂರು ಬರೆಸಿ. ಬಿಲ್ಲನ್ನೂ ಬಟ್ಟೆಗೆ ಹೊಲಿದ ಚೀಟಿಯನ್ನೂ ಎತ್ತಿಟ್ಟುಕೊಂಡಿರಿ.